ಎಣಿಸಿ ಹಾಕುವ ಎಳೆ: ಗವಂತಿಯಿಂದ ಕನ್ನಡಿ ಹೊಲಿಗೆಯವರೆಗೆ

ಹೂಹೊಲಿಗೆಯ ಪುಸ್ತಕ ತೆರೆದರೆ ನೂರಾರು ಹೊಲಿಗೆಗಳ ಹೆಸರು ಎದುರಾಗುತ್ತವೆ. ಹೊಸದಾಗಿ ಸೂಜಿ ಹಿಡಿದವರು ಅಲ್ಲಿಗೇ ಹೆದರಿ ಪುಸ್ತಕ ಮುಚ್ಚಿಬಿಡುತ್ತಾರೆ. ಹೆದರುವಂಥದ್ದೇನೂ ಇಲ್ಲ. ಸೂಜಿಗೆ ಬರುವ ವಿದ್ಯೆ ನಾಲ್ಕೈದೇ. ಬಟ್ಟೆಯ ಮೇಲೆ ಕೆಳಗೆ ಹಾಯುತ್ತ ಮುಂದೆ ಸಾಗುವುದು ಒಂದು. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಹೋಗುವುದು ಇನ್ನೊಂದು. ಹಾಕಿದ ಎಳೆಯ ಮೇಲೆ ಮತ್ತೊಂದನ್ನು ಅಡ್ಡ ಹಾಯಿಸಬಹುದು, ದಾರವನ್ನು ಕುಣಿಕೆ ಮಾಡಿ ಅದರೊಳಗಿಂದ ಸೂಜಿ ಎಳೆಯಬಹುದು, ಸೂಜಿಗೇ ದಾರ ಸುತ್ತಿ ಗಂಟು ಕೂರಿಸಬಹುದು. ರನ್ನಿಂಗ್, ಬ್ಯಾಕ್ ಸ್ಟಿಚ್, ಕ್ರಾಸ್, ಚೈನ್, ಫ್ರೆಂಚ್ ನಾಟ್ ಎಂದು ಶಾಲೆಯ ಹೊಲಿಗೆ ತರಗತಿಯಲ್ಲಿ ನಾವೆಲ್ಲ ಕಲಿತದ್ದು ಈ ಐದನ್ನೇ. ಮಿಕ್ಕವೆಲ್ಲ ಇವನ್ನೇ ಉದ್ದ ಮಾಡಿ, ಓರೆ ಮಾಡಿ, ಒಂದಕ್ಕೊಂದು ಕೂಡಿಸಿ ಹುಟ್ಟಿದವು.

ಹೆಸರು ಕಲಿಯುವುದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಈ ಹೊಲಿಗೆ ಯಾವ ಬಟ್ಟೆಗೆ ಹೇಳಿಸಿದ್ದು, ಯಾವ ಕೆಲಸಕ್ಕೆ ಹುಟ್ಟಿದ್ದು ಎಂಬ ಪ್ರಶ್ನೆ ಅದು. ಅದಕ್ಕೆ ಉತ್ತರ ಸಿಗುವುದು ಬಟ್ಟೆಯ ಹಿಂಬದಿಯಲ್ಲಿ. ಮುಂದೆ ಕಾಣುವುದು ಚಿತ್ರ. ದಾರ ಎಷ್ಟು ಹಿಡಿದಿದೆ, ಎಲ್ಲಿ ಬಿಗಿಯಾಗಿ ಕೂತಿದೆ, ಎಲ್ಲಿ ಸಡಿಲವಾಗಿ ಜೋತಿದೆ, ಎಷ್ಟು ಒಗೆತ ತಡೆದೀತು ಎಂಬುದೆಲ್ಲ ತಿಳಿಯುವುದು ಹಿಂದೆ ತಿರುಗಿಸಿದಾಗಲೇ. ಇದನ್ನು ವಿವರಿಸಲು ಧಾರವಾಡದ ಕಸೂತಿಗಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಕಂಡಿಲ್ಲ.

ಈಗ ನಾವು ಎಲ್ಲ ಬಗೆಯ ಹೂಹೊಲಿಗೆಗೂ ಕಸೂತಿ ಎಂದೇ ಹೇಳುತ್ತೇವೆ. ಧಾರವಾಡ, ಹುಬ್ಬಳ್ಳಿಯ ಹಳೆಯ ಮನೆಗಳಲ್ಲಿ ಆ ಮಾತಿಗೆ ಹೊಂದುವುದು ನಾಲ್ಕೇ ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ, ಕಾರ್ಬನ್ ಹಾಳೆ ಇಟ್ಟು ಅಚ್ಚು ತೆಗೆಯುವಂತಿಲ್ಲ. ನೇಯ್ಗೆಯ ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಲ್ಲೇ ಎಣಿಸಬೇಕು. ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ ಎಂದು ಸೂಜಿ ಹಾಯಿಸಬೇಕು. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೂ ಆನೆಯ ನಾಲ್ಕನೆಯ ಕಾಲು ನೆಲ ಮುಟ್ಟುವುದಿಲ್ಲ. ಮದುಮಗಳಿಗೆಂದು ಸಿದ್ಧಮಾಡುತ್ತಿದ್ದ ಚಂದ್ರಕಾಳಿ ಸೀರೆಯಂತೂ ಪೂರ್ತಿ ಕಪ್ಪು. ಕಪ್ಪು ರೇಷ್ಮೆಯ ಎಳೆಗಳನ್ನು ಮನೆಯ ಮಂದ ಬೆಳಕಿನಲ್ಲಿ ಎಣಿಸಿ ತೇರು, ಗೋಪುರ, ಪಲ್ಲಕ್ಕಿ ಎಬ್ಬಿಸಿದವರ ಕಣ್ಣಿಗೆ, ತಾಳ್ಮೆಗೆ ಕೈಮುಗಿಯಬೇಕು.

ಎಣಿಕೆಯ ಹೊಲಿಗೆಗೆ ಒಂದು ಕಟ್ಟು ಇದೆ. ಎಳೆಗಳು ನೇರ, ಅಡ್ಡ ಇರುವುದರಿಂದ ಹೊಲಿಗೆಯೂ ನೇರ, ಅಡ್ಡ, ಇಲ್ಲವೇ ಓರೆ ಮಾತ್ರ ಹೋಗಬಲ್ಲದು. ದುಂಡು ಬಳುಕುವ ರೇಖೆ ಬರುವುದಿಲ್ಲ. ಗಿಳಿಯ ಕೊಕ್ಕಾಗಲಿ, ನವಿಲಿನ ಕುತ್ತಿಗೆಯಾಗಲಿ ಮೆಟ್ಟಿಲು ಮೆಟ್ಟಿಲಾಗಿಯೇ ಬಾಗಬೇಕು. ಈ ಕಟ್ಟಿನಿಂದಲೇ ಕಸೂತಿಗೆ ಅದರ ಮುಖಲಕ್ಷಣ ಬಂದಿದೆ. ತುಳಸಿಕಟ್ಟೆ, ದೇವಳದ ಗೋಪುರ, ಅಂಬಾರಿ ಹೊತ್ತ ಆನೆ, ತೊಟ್ಟಿಲು, ನಂದಿ ಇಷ್ಟು ಚೆನ್ನಾಗಿ ಒದಗಿಬಂದದ್ದು ಅವೆಲ್ಲ ಕೋನಗಳಲ್ಲಿ ಒಡೆದು ಕಟ್ಟಬಹುದಾದ ಆಕಾರಗಳಾದ್ದರಿಂದ. ಸೀರೆಯ ಸೆರಗಿನ ಹತ್ತಿರ ದೊಡ್ಡ ಚಿತ್ರಗಳು ಒತ್ತಾಗಿ ಬರುತ್ತವೆ. ಸೆರಗಿನಿಂದ ದೂರ ಹೋದಂತೆ ಚಿತ್ರ ಸಣ್ಣದಾಗಿ, ವಿರಳವಾಗಿ, ಕೊನೆಗೆ ಚುಕ್ಕಿಯಂಥ ಬುಟ್ಟಾ ಮಾತ್ರ ಉಳಿಯುತ್ತದೆ. ಇಳಕಲ್ ಸೀರೆಯ ಮೇಲೂ ಇದೇ ಕ್ರಮ. ಗುಳೇದಗುಡ್ಡದ ಖಣದ ಕುಪ್ಪಸ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಇವುಗಳ ಮೇಲೂ ಕಸೂತಿ ನಡೆದುಬಂದಿದೆ.

ಇನ್ನು ಗವಂತಿ. ನಾಲ್ಕರಲ್ಲಿ ತಾಯಿ ಹೊಲಿಗೆ ಇದು. ಒಂದು ಗೆರೆ ಬೇಕೆಂದುಕೊಳ್ಳಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎನ್ನುತ್ತ ಸೂಜಿ ಗೆರೆಯ ತುದಿಗೆ ಹೋಗುತ್ತದೆ. ಈಗ ಮುಂಭಾಗದಲ್ಲಿ ಅರ್ಧ ಗೆರೆ ಇದೆ, ನಡುನಡುವೆ ತೆರಪು. ಹಿಂಭಾಗದಲ್ಲೂ ಅರ್ಧ ಗೆರೆ. ಮುಂದೆ ತೆರಪಿರುವಲ್ಲಿ ಹಿಂದೆ ದಾರ, ಮುಂದೆ ದಾರವಿರುವಲ್ಲಿ ಹಿಂದೆ ತೆರಪು. ತುದಿಯಿಂದ ಸೂಜಿ ಅದೇ ತೂತುಗಳಲ್ಲಿ ಹಿಂತಿರುಗುತ್ತದೆ, ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬುತ್ತದೆ. ಹೊರಟ ಜಾಗಕ್ಕೆ ಬಂದು ನಿಂತಾಗ ಎರಡೂ ಬದಿಯಲ್ಲಿ ಪೂರ್ತಿ ಗೆರೆ. ಗಂಟು ಹಾಕುವ ಪದ್ಧತಿ ಇಲ್ಲ. ದಾರದ ತುದಿಯನ್ನು ಹೊಲಿಗೆಯ ಎಳೆಗಳ ಅಡಿಯಲ್ಲೇ ಹಾಯಿಸಿ ಅಡಗಿಸುತ್ತಾರೆ.

ಮುರಗಿಯೂ ಇದೇ ಜಾತಿ. ಹೋಗುವಾಗ ಮೆಟ್ಟಿಲಿನ ಅಡ್ಡ ಹೆಜ್ಜೆಗಳು ಮುಂದೆ ಬೀಳುತ್ತವೆ, ಬರುವಾಗ ನಿಂತ ಹೆಜ್ಜೆಗಳು. ಅಂಕುಡೊಂಕಾದ ಅಂಚು, ಗೋಪುರದ ಹಂತ, ಬಳ್ಳಿಯ ಸಾಲು ಇದರಲ್ಲಿ ಬರುತ್ತವೆ. ಇದರಲ್ಲೂ ಎರಡು ಮಗ್ಗುಲೂ ಒಂದೇ.

ಒಂಟಿ ಗೆರೆಯಲ್ಲಿ ಹೋಗಿ ಬರುವುದು ಸುಲಭ. ಕವಲೊಡೆಯುವ ಚಿತ್ರದಲ್ಲಿ ಏನು ಮಾಡುವುದು? ತೇರಿನ ಚಿತ್ರದಲ್ಲಿ ಗಾಲಿ ಇದೆ, ಕಂಬಗಳಿವೆ, ಕಳಸವಿದೆ, ತೋರಣವಿದೆ. ದಾರ ಕತ್ತರಿಸದೆ, ಹಿಂದೆ ಅಡ್ಡಾದಿಡ್ಡಿ ಎಳೆ ಬಿಡದೆ ಎಲ್ಲವನ್ನೂ ಮುಗಿಸಿ ಹೊರಟಲ್ಲಿಗೇ ಬರಬೇಕು. ಬಲ್ಲವರ ಕೈ ಮಾಡುವುದು ಇಷ್ಟು: ಕವಲು ಸಿಕ್ಕಿದಲ್ಲಿ ಆ ಕವಲಿಗೆ ತಿರುಗಿ, ಅದರ ತುದಿ ಮುಟ್ಟಿ, ಅದನ್ನು ತುಂಬಿಕೊಂಡು ವಾಪಸು ಬಂದು, ಮತ್ತೆ ಮುಖ್ಯ ದಾರಿ ಹಿಡಿಯುವುದು. ಕವಲಿಗೆ ಹೋದಷ್ಟೇ ಹೊಲಿಗೆ ಬರುವಾಗಲೂ ಆಗುವುದರಿಂದ ಒಟ್ಟು ಲೆಕ್ಕ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಒಂದು ಮೇಲೆ, ಒಂದು ಕೆಳಗೆ ಎಂಬ ಸರದಿ ಕೆಡುವುದಿಲ್ಲ. ಹೋಗುವಾಗ ಮುಂದೆ ಬಿದ್ದ ಪ್ರತಿ ಹೊಲಿಗೆಯ ಜೋಡಿ ಬರುವಾಗ ಹಿಂದೆಯೇ ಬೀಳುತ್ತದೆ. ಚಿತ್ರದ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಎಷ್ಟೇ ಜಟಿಲವಿರಲಿ, ಈ ದಾರಿ ಇದ್ದೇ ಇರುತ್ತದೆ.

ಇದು ಗಣಿತ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರೆಲ್ಲ ಸುತ್ತಲು ಆಗದೆಂದು 1736ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿದ. ಅವನ ತರ್ಕದಿಂದಲೇ ತಿಳಿಯುವ ಇನ್ನೊಂದು ಮಾತು, ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಬಹುದಾದರೆ ಹೊರಟ ಜಾಗಕ್ಕೆ ಮರಳುವ ದಾರಿ ಯಾವಾಗಲೂ ಸಿಗುತ್ತದೆ. ಗವಂತಿ ಹಾಕುವವರು ಪ್ರತಿ ಗೆರೆಯನ್ನೂ ಎರಡು ಸಲ ದಾಟುತ್ತಾರೆ. ಇಂಥದ್ದೇ ಜೋಡಿ ಹೊಲಿಗೆ ಯುರೋಪಿನಲ್ಲೂ ಬೆಳೆಯಿತು. ಬಿಳಿಯ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯಲ್ಲಿ ಹಾಕುತ್ತಿದ್ದ ಆ ಕೆಲಸಕ್ಕೆ ಬ್ಲ್ಯಾಕ್‌ವರ್ಕ್ ಎಂದು ಹೆಸರು. ಚಿತ್ರಕಾರ ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಭಾವಚಿತ್ರದಲ್ಲಿ ತೋಳಿನ ಅಂಚಿನ ಕಪ್ಪು ಹೊಲಿಗೆಯನ್ನು ಕಾಣಬಹುದು. ಅವನ ಹೆಸರೇ ಹೊಲಿಗೆಗೂ ಅಂಟಿ, ಪಾಶ್ಚಾತ್ಯ ಪುಸ್ತಕಗಳಲ್ಲಿ ಅದು ಹೋಲ್ಬೈನ್ ಸ್ಟಿಚ್ ಆಯಿತು. ಬ್ಲ್ಯಾಕ್‌ವರ್ಕಿನ ಹಿಂದಿನ ಗಣಿತದ ಬಗ್ಗೆ ಜೋಶುವಾ ಹೋಲ್ಡನ್ ಎಂಬ ಗಣಿತಜ್ಞರು ಪ್ರಬಂಧವನ್ನೇ ಬರೆದಿದ್ದಾರೆ. ನಮ್ಮ ಗವಂತಿಯನ್ನೂ ಹೈಸ್ಕೂಲಿನ ಗಣಿತ ತರಗತಿಗೆ ತರಬಹುದು, ತರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಜ್ಜಿಯ ಸೀರೆಯ ತೇರು ತೋರಿಸಿ ಸಮಸಂಖ್ಯೆಯ ಪಾಠ ಹೇಳಿದರೆ ಯಾವ ಮಗು ಮರೆತೀತು?

ಎರಡೂ ಬದಿ ಒಂದೇ ಆಗಬೇಕೆಂಬ ಹಟ ಯಾಕೆ? ಸೀರೆಯ ಒಳಮೈಯನ್ನು ಯೋಚಿಸಿ. ಹಿಂದೆ ಉದ್ದುದ್ದ ಎಳೆ ಬಿಟ್ಟರೆ ಅದಕ್ಕೆ ಕಾಲುಂಗುರ ಸಿಕ್ಕುತ್ತದೆ, ಬಳೆ ಸಿಕ್ಕುತ್ತದೆ, ಕಂಕುಳಲ್ಲಿ ಕೂತ ಕೂಸಿನ ಬೆರಳು ಸಿಕ್ಕುತ್ತದೆ. ಗಂಟು ಮೈಗೆ ಒತ್ತುತ್ತದೆ. ತಲೆಯ ಮೇಲೆ ಹೊದ್ದ ಸೆರಗಿನ ಒಳಬದಿ ಎದುರಿಗಿರುವವರಿಗೆ ಕಂಡೇ ಕಾಣುತ್ತದೆ. ನಿತ್ಯ ಉಡುವ, ಒಗೆಯುವ, ಹಿಂಡುವ ಬಟ್ಟೆಗೆ ಹೇಳಿ ಮಾಡಿಸಿದ ಹೊಲಿಗೆ ಇದು.

ದಾರದ ಲೆಕ್ಕವೂ ಸೇರಿದೆ. ಹತ್ತು ಸೆಂಟಿಮೀಟರ್ ಗೆರೆ ಎಳೆಯಲು ರನ್ನಿಂಗ್ ಹೊಲಿಗೆಗೆ ಸುಮಾರು 10 ಸೆಂಟಿಮೀಟರ್ ದಾರ ಸಾಕು, ಆದರೆ ಗೆರೆ ಕಡಿದು ಕಡಿದು ಕಾಣುತ್ತದೆ. ಬ್ಯಾಕ್ ಸ್ಟಿಚ್ಚಿನಲ್ಲಿ ಮುಂದೆ ಒಂದು ಪಾಲು ಹೋದರೆ ಹಿಂದೆ ಎರಡು ಪಾಲು ಹೋಗುತ್ತದೆ. ಗೆರೆ ಪೂರ್ತಿ ಬರುತ್ತದೆ, ದಾರ 30 ಸೆಂಟಿಮೀಟರ್ ತಿನ್ನುತ್ತದೆ. ಗವಂತಿಯಲ್ಲಿ ಮುಂದೆ 10, ಹಿಂದೆ 10, ಒಟ್ಟು 20ರಲ್ಲಿ ಎರಡು ಬದಿಯಲ್ಲೂ ತುಂಬಿದ ಗೆರೆ. ಅದೇ ಉದ್ದಕ್ಕೆ ಕ್ರಾಸ್ ಸ್ಟಿಚ್ಚಿನ ಸಾಲು ಹಾಕಿದರೆ 48 ಸೆಂಟಿಮೀಟರ್ ಆಗುತ್ತದೆ. ಸೆರಗಿನ ಕುಚ್ಚಿನಿಂದ ರೇಷ್ಮೆ ಎಳೆ ಬಿಡಿಸಿಕೊಂಡು ಕಸೂತಿ ಹಾಕುತ್ತಿದ್ದ ಕಾಲದಲ್ಲಿ ಈ ಅಂತರ ಸಣ್ಣದಾಗಿರಲಿಲ್ಲ.

ಆದ್ದರಿಂದಲೇ ಮೆಂತೆಯ ಸ್ಥಾನ ಬೇರೆ. ಅದು ನಮ್ಮ ಕ್ರಾಸ್ ಸ್ಟಿಚ್. ಒತ್ತಾಗಿ ತುಂಬುವುದಕ್ಕೆ, ಬಣ್ಣದ ಭಾರ ಬೇಕಾದಲ್ಲಿಗೆ ಅದು ಸರಿ. ದಾರ ಹೆಚ್ಚು ಹಿಡಿಯುತ್ತದೆ, ಬಟ್ಟೆ ತೂಕವಾಗುತ್ತದೆ, ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ನೇಯ್ಗಿಯಲ್ಲಿ ಉದ್ದ ಗಿಡ್ಡ ರನ್ನಿಂಗ್ ಹೊಲಿಗೆಗಳನ್ನು ಸಾಲು ಸಾಲಾಗಿ ಪಕ್ಕಪಕ್ಕ ಕೂರಿಸುತ್ತಾರೆ. ಮುಗಿದ ಮೇಲೆ ಚಿತ್ರ ಹೊಲಿದಂತೆ ಕಾಣದೆ ಮಗ್ಗದಲ್ಲೇ ಬಂದಂತೆ ಕಾಣುತ್ತದೆ. ಹಿಂದೆ ತಿರುಗಿಸಿದರೆ ಚಿತ್ರ ತಿರುವುಮುರುವು: ಮುಂದೆ ದಾರ ತುಂಬಿದಲ್ಲಿ ಹಿಂದೆ ಬಟ್ಟೆ ಕಾಣುತ್ತದೆ.

ಎಣಿಕೆಯ ಹೊಲಿಗೆಗಳಿಂದ ಕುಣಿಕೆಯ ಹೊಲಿಗೆಗಳತ್ತ ಬರೋಣ. ಅದಕ್ಕೆ ಸಂಡೂರಿನ ಲಂಬಾಣಿ ತಾಂಡಾಗಳಿಗೆ ಹೋಗಬೇಕು. ಅಲ್ಲಿನ ಹೆಂಗಸರ ಲಂಗ, ಕುಪ್ಪಸಗಳಾದ ಫೇಟಿಯಾ, ಕಾಂಚಳಿಗಳ ಮೇಲೆ ಮಿನುಗುವ ಕನ್ನಡಿ ಬಿಲ್ಲೆಗಳಿಗೆ ತೂತಿರುವುದಿಲ್ಲ. ತೂತಿಲ್ಲದ ಗಾಜು ಬಟ್ಟೆಗೆ ನಿಲ್ಲುವುದು ಹೇಗೆ? ಮೊದಲು ಬಿಲ್ಲೆಯ ಮೇಲೆ ಎರಡು ಎಳೆ ಉದ್ದಕ್ಕೆ, ಎರಡು ಎಳೆ ಅಡ್ಡಕ್ಕೆ ಎಳೆದು ಬಿಗಿಯುತ್ತಾರೆ. ಗಾಜಿನ ಮೇಲೆ ದಾರದ ಒಂದು ಚೌಕ ಆಗುತ್ತದೆ. ಆಮೇಲೆ ಸೂಜಿ ಆ ಚೌಕದ ಎಳೆಯ ಅಡಿಯಿಂದ ಹಾಯ್ದು, ಬಿಲ್ಲೆಯ ಅಂಚಿನ ಬಟ್ಟೆಯನ್ನು ಸ್ವಲ್ಪ ಕಚ್ಚಿ, ದಾರದ ಕುಣಿಕೆಯೊಳಗಿಂದ ಹೊರಬರುತ್ತದೆ. ಸುತ್ತಲೂ ಹೀಗೆ ಒತ್ತಾಗಿ ಹಾಕುತ್ತ ಹೋದಂತೆ ಚೌಕದ ಎಳೆಗಳು ಅಂಚಿಗೆ ಸರಿದು ದುಂಡಗಾಗುತ್ತವೆ, ಕನ್ನಡಿಗೆ ದಾರದ ಚೌಕಟ್ಟು ಬೀಳುತ್ತದೆ. ಗಾಜನ್ನು ಹಿಡಿದಿರುವುದು ದಾರದ ಬಿಗುವೊಂದೇ. ಅಂಗಿಯ ಗುಂಡಿಗೆ ಕಾಜಾ ಮಾಡುವ ಹೊಲಿಗೆಗೂ ಇದು ಹತ್ತಿರದ ನೆಂಟ. ಕತ್ತರಿಸಿದ ಅಂಚು ಎಳೆ ಬಿಡದಂತೆ, ಮೇಲಿಟ್ಟ ವಸ್ತು ಜಾರದಂತೆ ತಡೆಯುವುದು ಕುಣಿಕೆಯ ಸ್ವಭಾವ. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಈ ಕೆಲಸ ತಾಂಡಾದ ಆಚೆಗೂ ಹೋಗಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಚೈನ್ ಸ್ಟಿಚ್ ಕೂಡ ಕುಣಿಕೆಯದೇ, ಸಾಲಾಗಿ ಹೋಗುವ ಕುಣಿಕೆ. ಎಣಿಕೆಯ ಹೊಲಿಗೆಗೆ ಒಲ್ಲದ ಬಳುಕು ಇದಕ್ಕೆ ಸಲೀಸು. ಮದುವೆಯ ಬ್ಲೌಸುಗಳ ಆರಿ ಕೆಲಸದಲ್ಲಿ ಸೂಜಿಯ ಬದಲು ಕೊಕ್ಕೆಯಿಂದ ಹಾಕುವುದೂ ಇದನ್ನೇ. ಆದರೆ ಕೊನೆಯ ಕುಣಿಕೆಯನ್ನು ಒಂದು ಸಣ್ಣ ಹೊಲಿಗೆಯಿಂದ ಬಟ್ಟೆಗೆ ಕಚ್ಚಿಸದಿದ್ದರೆ ಇಡೀ ಸಾಲು ಸರಸರನೆ ಬಿಚ್ಚಿಕೊಳ್ಳುತ್ತದೆ. ಅಕ್ಕಿ ಚೀಲದ ಬಾಯಿ ಒಂದೇ ಎಳೆತಕ್ಕೆ ಬಿಚ್ಚುವುದೂ ಇದೇ ಗುಣದಿಂದ. ಒಂದೇ ಒಂದು ಕುಣಿಕೆ ಹಾಕಿ ಕಚ್ಚಿಸಿದರೆ ಹೂವಿನ ಎಸಳು, ಅಂದರೆ ಲೇಜಿ ಡೇಜಿ. ಹೂವಿನ ನಡುವಿಗೆ ಫ್ರೆಂಚ್ ನಾಟ್. ಹೂವಿನ ದಂಟಿಗೆ ಸ್ಟೆಮ್ ಸ್ಟಿಚ್. ಬ್ಯಾಕ್ ಸ್ಟಿಚ್ಚನ್ನೇ ತಿರುಗಿಸಿ ನೋಡಿದರೆ ಅದು ಹೆಚ್ಚುಕಡಿಮೆ ಕಾಣಸಿಗುತ್ತದೆ. ಹೆರಿಂಗ್‌ಬೋನ್ ಹೊಲಿಗೆಯನ್ನು ತೆಳು ಬಟ್ಟೆಯ ಹಿಂಬದಿಯಲ್ಲಿ ಹಾಕಿ, ಅದರ ನೆರಳು ಮಾತ್ರ ಮುಂದೆ ಹಾಯುವಂತೆ ಮಾಡುವುದು ಲಖನೌದ ಚಿಕನ್ ಕೆಲಸದ ಜಾಣ್ಮೆ. ಹಿಂಬದಿಯನ್ನೇ ಬಣ್ಣದ ಬಟ್ಟಲು ಮಾಡಿಕೊಂಡ ಕಸುಬು ಅದು.

ಸ್ಯಾಟಿನ್ ಹೊಲಿಗೆಯ ಬಗ್ಗೆ ಒಂದು ಎಚ್ಚರಿಕೆ. ಕಲಿಯುವವರಿಗೆ ಅದರ ಹೊಳಪಿನ ಮೇಲೆ ಬಲು ಆಸೆ. ಎಸಳಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಎಳೆಗಳನ್ನು ಪಕ್ಕಪಕ್ಕ ಹಾಸುವುದರಿಂದ ನುಣುಪು ಬರುತ್ತದೆ ನಿಜ. ಆದರೆ ನಡುವೆ ಎಲ್ಲೂ ಬಟ್ಟೆಗೆ ಕಚ್ಚದ ಎಳೆ ಅದು. ಒಂದು ಸೆಂಟಿಮೀಟರಿಗಿಂತ ಅಗಲವಾದರೆ ಜೋಲುತ್ತದೆ, ಉಗುರಿಗೆ ಸಿಕ್ಕಿ ಕೀಳುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ, ಹಬ್ಬದ ಬ್ಲೌಸಿಗೆ ಇರಲಿ. ದಿಂಬಿನ ಚೀಲಕ್ಕೆ, ಮಗುವಿನ ಅಂಗಿಗೆ ಬೇಡ.

ಎಲ್ಲಕ್ಕಿಂತ ಸರಳವಾದ ರನ್ನಿಂಗ್ ಹೊಲಿಗೆಯನ್ನು ಕೀಳಾಗಿ ಕಾಣುವವರು ಕೌದಿಯನ್ನು ನೋಡಬೇಕು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಬೆರಳಗಲದ ಅಂತರದಲ್ಲಿ ಸಾಲುಗಟ್ಟಿ ಹೊಲಿದರೆ ಚಳಿ ತಡೆಯುವ ಹೊದಿಕೆ ಆಗುತ್ತದೆ. ಒಂದು ಕಡೆ ದಾರ ಹರಿದರೂ ಪಕ್ಕದ ಸಾಲುಗಳು ಪದರಗಳನ್ನು ಬಿಡುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ತುಂಡು ಸೇರಿಸುತ್ತ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ ಹೂವು ಕೂರಿಸಿದ ಮೇಲೆಯೇ ಅವರ ಲೆಕ್ಕದಲ್ಲಿ ಕೌದಿ ಮುಗಿದಂತೆ. ಈ ಕೌದಿಗಳ ಬಣ್ಣದ ಜೋಡಣೆಯ ಎದುರು ದೊಡ್ಡ ದೊಡ್ಡ ಚಿತ್ರಕಾರರ ಕ್ಯಾನ್ವಾಸನ್ನು ಇಟ್ಟರೂ ಕೌದಿ ಸೋಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶುರು ಮಾಡುವವರಿಗೆ ನಾಲ್ಕು ಮಾತು. ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಕೇಳಿ ಒಂದು ಮೊಳ ತನ್ನಿ. ಅದರ ನೇಯ್ಗೆ ದಪ್ಪಗಿದ್ದು ಚೌಕಗಳು ಕಣ್ಣಿಗೆ ಕಾಣುತ್ತವೆ, ಎಣಿಸಲು ಸುಲಭ. ಆ್ಯಂಕರ್ ದಾರದ ಒಂದು ಲಡಿ 8 ಮೀಟರ್ ಇರುತ್ತದೆ, 6 ಎಳೆ ಸೇರಿ ಒಂದು ದಾರ. ಆರನ್ನೂ ಒಟ್ಟಿಗೆ ಸೂಜಿಗೆ ಪೋಣಿಸಬೇಡಿ. ಒಂದೊಂದೇ ಎಳೆ ಬೇರ್ಪಡಿಸಿ, ಬೇಕಾದ ಎರಡೋ ಮೂರೋ ಎಳೆಯನ್ನು ಮತ್ತೆ ಕೂಡಿಸಿಕೊಂಡರೆ ದಾರ ಹುರಿಗಟ್ಟದೆ ಹಾಸಿ ಕೂರುತ್ತದೆ. ಬೆರಳ ತುದಿಯಿಂದ ಮೊಣಕೈವರೆಗಿನ ಉದ್ದ ಸಾಕು. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಹಾಯ್ದು ಹಾಯ್ದು ಎಳೆ ಸವೆಯುತ್ತದೆ. ಎಣಿಕೆಯ ಕೆಲಸಕ್ಕೆ ಮೊಂಡು ತುದಿಯ ಸೂಜಿ ಒಳ್ಳೆಯದು, ಅದು ಎಳೆಯನ್ನು ಸೀಳದೆ ನಡುವೆ ನುಸುಳುತ್ತದೆ. ಮೊದಲ ಪಾಠಕ್ಕೆ ಗುಲಾಬಿ ಹೂವು ಬೇಡ. ಗವಂತಿಯಲ್ಲಿ ಒಂದು ಚೌಕ ಹಾಕಿ. ಅದಕ್ಕೆ ನಾಲ್ಕು ಕವಲು ಸೇರಿಸಿ. ಹಿಂದೆ ತಿರುಗಿಸಿ ನೋಡಿ. ಎರಡೂ ಬದಿ ಒಂದಾದ ದಿನ ಯಾವ ಹೊಲಿಗೆಯೂ ನಿಮ್ಮ ಕೈ ಮೀರಿ ಹೋಗುವುದಿಲ್ಲ. ಎಳೆ ಎಣಿಸಲಾಗದ ಜಾರ್ಜೆಟ್‌ನಂಥ ಬಟ್ಟೆಯ ಮೇಲೆ ಕಸೂತಿ ಬೇಕಾದರೆ ಕ್ಯಾನ್ವಾಸ್ ಜಾಲರಿಯನ್ನು ಮೇಲೆ ಕಚ್ಚಾ ಹೊಲಿದು, ಅದರ ಚೌಕಗಳನ್ನು ಎಣಿಸಿ ಹೊಲಿದು, ಕೊನೆಗೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಕೊಳ್ಳುವವರಿಗೂ ಹೇಳುವುದಿದೆ. ಕಸೂತಿಗೂ ಸಂಡೂರಿನ ಲಂಬಾಣಿ ಕೆಲಸಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೂ ಪೇಟೆಯಲ್ಲಿ ಕಸೂತಿ ಎಂದು ಮಾರಾಟವಾಗುವ ಸೀರೆಗಳಲ್ಲಿ ಅಚ್ಚು ಹಾಕಿದವೂ ಇವೆ, ಕಂಪ್ಯೂಟರ್ ಯಂತ್ರ ಹೊಲಿದವೂ ಇವೆ. ಯಂತ್ರದ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಯಂತ್ರದ ಕೆಲಸವೆಂದೇ ಹೇಳಿ ಮಾರಲಿ. ಗೋಪುರದ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹಿಂಬದಿಯ ನಕಲು ಕಷ್ಟ. ಯಂತ್ರದ ಕೆಲಸದ ಹಿಂದೆ ಸಾಮಾನ್ಯವಾಗಿ ಬಾಬಿನ್ನಿನ ಬೇರೆ ದಾರ, ಹಲವು ಸಲ ಬಿಳಿಯದು, ಕಾಣುತ್ತದೆ; ಕಾಗದದಂಥ ಒಳಪದರ ಅಂಟಿಕೊಂಡಿರುತ್ತದೆ. ಕೈಯ ಗವಂತಿ, ಮುರಗಿಯ ಹಿಂದೆ ಅದೇ ಬಣ್ಣದ ಅದೇ ಚಿತ್ರ ಇರುತ್ತದೆ, ಗಂಟಿರುವುದಿಲ್ಲ. ಒಂದು ಸೀರೆಗೆ ತಿಂಗಳುಗಟ್ಟಲೆ ಎಳೆ ಎಣಿಸಿದ ಹೆಂಗಸಿನ ಕೂಲಿಯನ್ನು ಯಂತ್ರದ ಬೆಲೆಯೊಂದಿಗೆ ತೂಗಿ ಚೌಕಾಸಿ ಮಾಡುವುದು ಅನ್ಯಾಯ. ಧಾರವಾಡಕ್ಕೋ ಹುಬ್ಬಳ್ಳಿಗೋ ಹೋದಾಗ, ಸಾಧ್ಯವಾದರೆ, ಹೊಲಿಯುವವರ ಕೈಯಿಂದಲೇ ನೇರವಾಗಿ ಕೊಳ್ಳಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಸೀರೆಯನ್ನು ಮಗುಚಿ ಹಿಂಬದಿ ತೋರಿಸಲು ಹೇಳಿ, ಹೊಲಿದವರಿಗೆ ಇದರಲ್ಲಿ ಎಷ್ಟು ಸಲ್ಲುತ್ತದೆ ಎಂದೂ ಕೇಳಿ.